ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್‌ಗಳ ಕೆಲಸ ಎಷ್ಟು ಭದ್ರ? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಫುಟ್‌ಬಾಲ್? ಕಾಲೇಜು ತಂಡದ ಕೋಚ್‌ಗೆ ಯಾಕಿಷ್ಟು ಮಹತ್ವ?

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್ ಇದು. ಆಡುವವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ. ಆದರೆ ನೋಡಲು ಬರುವ ಜನಸಾಗರ ಬೇರೆಯೇ ಮಟ್ಟದ್ದು. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಆಸನಗಳಿವೆ. ಪೆನ್ ಸ್ಟೇಟ್‌ನದೂ ಲಕ್ಷ ದಾಟುತ್ತದೆ. ನೆಬ್ರಾಸ್ಕಾ, ಅಲಬಾಮಾದಂಥ ರಾಜ್ಯಗಳಲ್ಲಿ ವೃತ್ತಿಪರ ಎನ್‌ಎಫ್‌ಎಲ್ ತಂಡವೇ ಇಲ್ಲ. ಅಲ್ಲಿ ಶನಿವಾರ ಬಂತೆಂದರೆ ಇಡೀ ರಾಜ್ಯದ ಮನಸ್ಸು ವಿಶ್ವವಿದ್ಯಾಲಯದ ತಂಡದ ಮೇಲೆಯೇ ಇರುತ್ತದೆ.

ಮುಖ್ಯ ಕೋಚ್ ಎಂದರೆ ಬರೀ ಆಟ ಕಲಿಸುವವರಲ್ಲ. ಪ್ರೌಢಶಾಲೆಯ ಹುಡುಗರ ಮನೆಗೆ ಹೋಗಿ ಅಪ್ಪ ಅಮ್ಮನನ್ನು ಒಪ್ಪಿಸುವುದು, ಸಹಾಯಕರನ್ನು ನೇಮಿಸುವುದು, ದೇಣಿಗೆ ಕೊಡುವವರನ್ನು ಸಂಭಾಳಿಸುವುದು ಎಲ್ಲವೂ ಅವರ ಹೆಗಲಿಗೆ. ಬಹಳಷ್ಟು ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ರಾಜ್ಯಪಾಲರೂ ಅಲ್ಲ, ಕುಲಪತಿಯೂ ಅಲ್ಲ, ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಜಾರ್ಜಿಯಾದ ಕರ್ಬಿ ಸ್ಮಾರ್ಟ್ ಅವರ ವರ್ಷದ ಸಂಬಳ 2024ರ ಒಪ್ಪಂದದಲ್ಲಿ 1.3 ಕೋಟಿ ಡಾಲರ್ ದಾಟಿತು.

ಇನ್ನೊಂದು ವಿಷಯ ನೆನಪಿರಲಿ: ಋತುವಿಗೆ ಸಾಮಾನ್ಯವಾಗಿ 12 ಪಂದ್ಯ ಮಾತ್ರ. ಎರಡು ಶನಿವಾರ ಕೆಟ್ಟರೆ ವರ್ಷವೇ ಕೆಟ್ಟಂತೆ. ಅಭಿಮಾನಿಗಳ ಅಸಹನೆಯ ಬೇರು ಅರ್ಧದಷ್ಟು ಇಲ್ಲೇ ಇದೆ.

ಒಬ್ಬ ಕೋಚ್‌ಗೆ ಎಷ್ಟು ವರ್ಷ ಸಮಯ ಸಿಗುತ್ತದೆ?

ಕಾಗದದ ಮೇಲೆ ಐದಾರು ವರ್ಷ, ದೊಡ್ಡ ಹೆಸರಾದರೆ ಹತ್ತು. ನಿಜವಾಗಿ ಸಿಗುವುದು ಬೇರೆ. ಹಿಂದೆ ಹೊಸ ಕೋಚ್ ತಾನೇ ಕರೆತಂದ ಹುಡುಗರು ಕೊನೆಯ ವರ್ಷಕ್ಕೆ ಬರುವವರೆಗೆ, ಅಂದರೆ ನಾಲ್ಕು ವರ್ಷ ಕಾಯುವುದು ವಾಡಿಕೆಯಾಗಿತ್ತು. ಈಗ ಎರಡನೇ ವರ್ಷದಲ್ಲೇ ಲೆಕ್ಕ ಕೇಳುತ್ತಾರೆ.

2025ರ ಋತುವನ್ನೇ ನೋಡಿ. ಮೂರು ಪಂದ್ಯ ಸೋತ ಕೂಡಲೇ, ಸೆಪ್ಟೆಂಬರ್ 14ರಂದು ಒಂದೇ ದಿನ ಯುಸಿಎಲ್‌ಎಯ ಡಿಶಾನ್ ಫಾಸ್ಟರ್, ವರ್ಜೀನಿಯಾ ಟೆಕ್‌ನ ಬ್ರೆಂಟ್ ಪ್ರೈ ಇಬ್ಬರೂ ಕೆಲಸ ಕಳೆದುಕೊಂಡರು. ಫಾಸ್ಟರ್‌ಗೆ ಅದು ಎರಡನೇ ಋತು. ಅದೇ ತಿಂಗಳು ಒಕ್ಲಹೋಮ ಸ್ಟೇಟ್, 21ನೇ ಋತುವಿನಲ್ಲಿದ್ದ ಮೈಕ್ ಗಂಡಿಯನ್ನು ತೆಗೆಯಿತು. 170 ಗೆಲುವು ತಂದುಕೊಟ್ಟವರು ಅವರು. ಅಕ್ಟೋಬರ್ 12ಕ್ಕೆ ಪೆನ್ ಸ್ಟೇಟ್‌ನ ಜೇಮ್ಸ್ ಫ್ರಾಂಕ್ಲಿನ್ ಹೋದರು. ಹಿಂದಿನ ಋತುವಿನಲ್ಲಿ ಪ್ಲೇಆಫ್ (ರಾಷ್ಟ್ರೀಯ ಪ್ರಶಸ್ತಿಗಾಗಿ ಆಯ್ದ ತಂಡಗಳ ನಾಕೌಟ್ ಸುತ್ತು) ಸೆಮಿಫೈನಲ್ ಆಡಿಸಿದ್ದರು, ಋತುವಿನ ಆರಂಭದಲ್ಲಿ ತಂಡ ದೇಶದ ಎರಡನೇ ರ್‍ಯಾಂಕಿನಲ್ಲಿತ್ತು. ಒರೆಗಾನ್, ಯುಸಿಎಲ್‌ಎ, ನಾರ್ತ್‌ವೆಸ್ಟರ್ನ್ ಎದುರು ಸಾಲಾಗಿ ಮೂರು ಸೋಲು ಸಾಕಾಯಿತು. ಒಂದು ವಾರ ಕಳೆದು ಫ್ಲಾರಿಡಾದ ಬಿಲ್ಲಿ ನೇಪಿಯರ್, ಅದೂ ಪಂದ್ಯ ಗೆದ್ದ ಮರುದಿನ. ಮತ್ತೊಂದು ವಾರಕ್ಕೆ ಎಲ್‌ಎಸ್‌ಯುವಿನ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಬ್ರಯಾನ್ ಕೆಲ್ಲಿ.

ತಾಳ್ಮೆ ಇಷ್ಟು ಕಡಿಮೆಯಾಗಲು ಕಾರಣವೇನು?

ಮುಖ್ಯವಾಗಿ ನಿಯಮಗಳು ಬದಲಾದವು. ಅಭಿಮಾನಿಗಳು ಮೊದಲೂ ಅವಸರದವರೇ. ಆದರೆ ಆಗ ಅವಸರಕ್ಕೆ ಆಧಾರವಿರಲಿಲ್ಲ, ಈಗ ಇದೆ.

2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ತಂಡ ಬದಲಿಸಬಯಸುವ ಆಟಗಾರರು ಹೆಸರು ನೋಂದಾಯಿಸುವ ವ್ಯವಸ್ಥೆ, ಬಂತು. 2021ರಿಂದ ಆಟಗಾರರು ಒಂದು ವರ್ಷ ಹೊರಗೆ ಕೂರದೆಯೇ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋಗಿ ಆಡಬಹುದಾಯಿತು. ಅದೇ ವರ್ಷ ಜುಲೈ 1ರಿಂದ ತಮ್ಮ ಹೆಸರು, ಚಿತ್ರ ಬಳಸಿ ಹಣ ಗಳಿಸುವ ಹಕ್ಕೂ ಸಿಕ್ಕಿತು. 2025ರ ಜುಲೈನಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷದ ಮಿತಿ ಎಲ್ಲ ಕ್ರೀಡೆ ಸೇರಿ ಸುಮಾರು 2.05 ಕೋಟಿ ಡಾಲರ್. ಇದರಿಂದ "ನನ್ನ ಹುಡುಗರು ಬೆಳೆಯಲಿ, ಕಾಯಿರಿ" ಎಂಬ ಕೋಚ್‌ನ ಹಳೆಯ ಉತ್ತರ ಬಿದ್ದುಹೋಯಿತು. ಚಳಿಗಾಲದಲ್ಲಿ ಇಪ್ಪತ್ತು ಮೂವತ್ತು ಜನ ಹೊಸ ಆಟಗಾರರನ್ನು ತರಬಹುದಾದರೆ ಕಾಯುವುದೇಕೆ ಎಂದು ಜನ ಕೇಳುತ್ತಾರೆ.

ಅವರಿಗೆ ಉದಾಹರಣೆಯೂ ಸಿಕ್ಕಿತು. 2023ರಲ್ಲಿ ಇಂಡಿಯಾನಾ ಗೆದ್ದದ್ದು ಮೂರೇ ಪಂದ್ಯ. ಕರ್ಟ್ ಸಿಗ್ನೆಟಿ ಬಂದ ಮೊದಲ ವರ್ಷವೇ 11 ಗೆಲುವು, ಪ್ಲೇಆಫ್. ಮರುವರ್ಷ ಒಂದೂ ಸೋಲಿಲ್ಲದೆ ಬಿಗ್ ಟೆನ್ ಕಾನ್ಫರೆನ್ಸ್ (ಮುಖ್ಯವಾಗಿ ತಮ್ಮತಮ್ಮಲ್ಲೇ ಆಡುವ ವಿಶ್ವವಿದ್ಯಾಲಯಗಳ ಗುಂಪು) ಪ್ರಶಸ್ತಿ. ಸೋಲುವುದಕ್ಕೇ ಹೆಸರಾದ ತಂಡಕ್ಕೆ ಸಾಧ್ಯವಾದದ್ದು ನಮಗೇಕೆ ಆಗದು ಎಂಬ ಪ್ರಶ್ನೆ ಈಗ ಎಲ್ಲ ಕೋಚ್‌ಗಳ ಮೇಲೆ ತೂಗುತ್ತಿದೆ. ಈ ಹೋಲಿಕೆ ನ್ಯಾಯವಾದದ್ದಲ್ಲ. ಸಿಗ್ನೆಟಿ ತಮ್ಮ ಹಿಂದಿನ ತಂಡ ಜೇಮ್ಸ್ ಮ್ಯಾಡಿಸನ್‌ನಿಂದ ಪಳಗಿದ ಆಟಗಾರರನ್ನೂ ಸಹಾಯಕರನ್ನೂ ಜೊತೆಗೇ ಕರೆತಂದಿದ್ದರು. ಅಂಥ ತಯಾರಿ ಎಲ್ಲರ ಬಳಿ ಇರುವುದಿಲ್ಲ.

ಪ್ಲೇಆಫ್ 2024ರಲ್ಲಿ 4 ತಂಡಗಳಿಂದ 12ಕ್ಕೆ ಏರಿತು. ಆಗ ಒತ್ತಡ ಇಳಿಯುತ್ತದೆ ಎಂದುಕೊಂಡವರಿದ್ದರು. ಆದದ್ದು ತಿರುವುಮುರುವು. ಮೊದಲು ಬೌಲ್ ಪಂದ್ಯಕ್ಕೆ (ಚೆನ್ನಾಗಿ ಆಡಿದ ತಂಡಗಳಿಗೆ ಋತುವಿನ ಕೊನೆಗೆ ಸಿಗುವ ಹೆಚ್ಚುವರಿ ಪಂದ್ಯ) ಹೋದರೂ ಸಮಾಧಾನವಿತ್ತು, ಈಗ 12ರೊಳಗೆ ಬರದ ವರ್ಷ ವ್ಯರ್ಥ ಎನ್ನುವ ಭಾವನೆ ಬೆಳೆದಿದೆ.

ಋತುವಿನ ನಡುವೆಯೇ ಯಾಕೆ ತೆಗೆಯುತ್ತಾರೆ? ಕೊನೆಯವರೆಗೆ ಕಾಯಬಾರದೇ?

ಕ್ಯಾಲೆಂಡರ್ ಬಿಡುವುದಿಲ್ಲ. ಪ್ರೌಢಶಾಲಾ ಆಟಗಾರರು ಸಹಿ ಹಾಕುವ ಮೊದಲ ಅವಧಿ ಈಗ ಡಿಸೆಂಬರ್‌ನ ಮೊದಲ ವಾರಕ್ಕೇ ಬರುತ್ತದೆ. 2017ಕ್ಕೆ ಮುಂಚೆ ಎಲ್ಲ ಸಹಿಯೂ ಫೆಬ್ರವರಿಯಲ್ಲಿ. ಜನವರಿ ಆರಂಭದಲ್ಲಿ ಪೋರ್ಟಲ್ ತೆರೆಯುತ್ತದೆ. ನವೆಂಬರ್ ಕೊನೆಗೆ ವಜಾ ಮಾಡಿದರೆ ಹೊಸಬರನ್ನು ಹುಡುಕುವಷ್ಟರಲ್ಲಿ ಹುಡುಗರು ಬೇರೆ ಕಡೆ ಸಹಿ ಹಾಕಿರುತ್ತಾರೆ. ಖಾಲಿ ಹುದ್ದೆ ಮೊದಲು ಘೋಷಿಸಿದವರಿಗೆ ಏಜೆಂಟ್‌ಗಳ ಜೊತೆ ಮಾತು ಶುರು ಮಾಡಲು ಆರೇಳು ವಾರ ಹೆಚ್ಚು ಸಿಗುತ್ತದೆ. ಅದೇ ಲೆಕ್ಕ.

ಬೈಔಟ್ ಎಂದರೇನು? ಲೆಕ್ಕ ಹಾಕುವುದು ಹೇಗೆ?

ಒಪ್ಪಂದ ಮುಗಿಯುವ ಮೊದಲೇ ಕೋಚ್‌ನನ್ನು ತಕ್ಕ ಕಾರಣವಿಲ್ಲದೆ ತೆಗೆದರೆ ಕೊಡಬೇಕಾದ ಪರಿಹಾರದ ಹಣವೇ ಬೈಔಟ್. ಕಾನೂನಿನ ಭಾಷೆಯಲ್ಲಿ ಇದು ಮೊದಲೇ ನಿಗದಿ ಮಾಡಿಕೊಂಡ ನಷ್ಟಪರಿಹಾರ. ಪಂದ್ಯ ಸೋಲುವುದು "ತಕ್ಕ ಕಾರಣ" ಅಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಒಂದು ಕಾಲ್ಪನಿಕ ಒಪ್ಪಂದ ತೆಗೆದುಕೊಳ್ಳೋಣ. ವರ್ಷಕ್ಕೆ 60 ಲಕ್ಷ ಡಾಲರ್, ಆರು ವರ್ಷ, ಉಳಿದ ಸಂಬಳದ ಶೇ 70ರಷ್ಟು ಪರಿಹಾರ. ಎರಡು ವರ್ಷ ಮುಗಿದ ಮೇಲೆ ತೆಗೆದರೆ ಉಳಿದ ನಾಲ್ಕು ವರ್ಷದ ಸಂಬಳ 2.4 ಕೋಟಿ. ಅದರ ಶೇ 70 ಎಂದರೆ 1.68 ಕೋಟಿ. 48 ತಿಂಗಳ ಕಂತಾದರೆ ತಿಂಗಳಿಗೆ 3.5 ಲಕ್ಷ. ಆ ಕೋಚ್ ಬೇರೆ ಕಡೆ ವರ್ಷಕ್ಕೆ 15 ಲಕ್ಷದ ಸಹಾಯಕ ಹುದ್ದೆಗೆ ಸೇರಿದರು ಎನ್ನಿ, ತಿಂಗಳಿಗೆ 1.25 ಲಕ್ಷ. ಒಪ್ಪಂದದಲ್ಲಿ ಹೊಸ ಸಂಬಳ ಕಳೆಯುವ ಷರತ್ತಿದ್ದರೆ ಹಳೆಯ ವಿಶ್ವವಿದ್ಯಾಲಯ ಕೊಡಬೇಕಾದದ್ದು 2.25 ಲಕ್ಷಕ್ಕೆ ಇಳಿಯುತ್ತದೆ. ಷರತ್ತಿಲ್ಲದಿದ್ದರೆ ಪೂರ್ತಿ 3.5 ಲಕ್ಷ, ಜೊತೆಗೆ ಹೊಸ ಸಂಬಳವೂ ಅವರಿಗೇ.

ಒಪ್ಪಂದದಲ್ಲಿ ಯಾವ ಷರತ್ತು ಎಲ್ಲಕ್ಕಿಂತ ಮುಖ್ಯ?

ಈಗ ಹೇಳಿದ ಆ ಕಳೆಯುವ ಷರತ್ತೇ. ಪತ್ರಿಕೆಗಳ ತಲೆಬರಹದಲ್ಲಿ ಬರುವ ಕೋಟಿಗಳನ್ನು ನೋಡಿ ಬೆರಗಾಗುವ ಮೊದಲು ಇದನ್ನು ನೋಡಬೇಕು. ಇದರಲ್ಲಿ ಎರಡು ಭಾಗ: ಕೋಚ್ ಪ್ರಾಮಾಣಿಕವಾಗಿ ಬೇರೆ ಕೆಲಸ ಹುಡುಕಬೇಕು ಎಂಬುದು ಒಂದು, ಸಿಕ್ಕ ಕೆಲಸದ ಸಂಬಳವನ್ನು ಬಾಕಿಯಿಂದ ಕಳೆಯಬೇಕು ಎಂಬುದು ಇನ್ನೊಂದು.

2025ರಲ್ಲಿ ತೆಗೆದ ಇಬ್ಬರನ್ನು ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ಫ್ರಾಂಕ್ಲಿನ್‌ಗೆ ಪೆನ್ ಸ್ಟೇಟ್ ಕೊಡಬೇಕಿದ್ದದ್ದು ಸುಮಾರು 4.9 ಕೋಟಿ ಡಾಲರ್. ಷರತ್ತು ಇತ್ತು. ನವೆಂಬರ್‌ನಲ್ಲಿ ಅವರು ವರ್ಜೀನಿಯಾ ಟೆಕ್ ಸೇರಿದರು, ಬಾಕಿ 90 ಲಕ್ಷಕ್ಕೆ ಇತ್ಯರ್ಥವಾಯಿತು. ನೇಪಿಯರ್‌ಗೆ ಫ್ಲಾರಿಡಾ ಕೊಡಬೇಕಿದ್ದದ್ದು ಸುಮಾರು 2.1 ಕೋಟಿ. ಷರತ್ತು ಇರಲಿಲ್ಲ, ಅರ್ಧ ಹಣ 30 ದಿನದೊಳಗೆ ಕೊಡಬೇಕಿತ್ತು. ಅವರು ಜೇಮ್ಸ್ ಮ್ಯಾಡಿಸನ್ ಸೇರಿದರೂ ಫ್ಲಾರಿಡಾದ ಹೊರೆ ಒಂದು ಡಾಲರೂ ಇಳಿಯಲಿಲ್ಲ. ದೊಡ್ಡದಾಗಿ ಕಂಡ ಬೈಔಟ್ ಕೊನೆಗೆ ಚಿಕ್ಕದರ ಅರ್ಧಕ್ಕಿಂತ ಕಡಿಮೆಗೆ ಮುಗಿಯಿತು.

ಇದಾದ ಮೇಲೆ ನೋಡಬೇಕಾದದ್ದು ದಿನಾಂಕಗಳು. ಬಹಳಷ್ಟು ಒಪ್ಪಂದಗಳಲ್ಲಿ ಒಂದು ನಿರ್ದಿಷ್ಟ ದಿನ ದಾಟಿದರೆ ಪರಿಹಾರ ಇಳಿಯುತ್ತದೆ. ನೆಬ್ರಾಸ್ಕಾದ ಸ್ಕಾಟ್ ಫ್ರಾಸ್ಟ್ ಅವರ ಬೈಔಟ್ 2022ರ ಅಕ್ಟೋಬರ್ 1ಕ್ಕೆ 1.5 ಕೋಟಿಯಿಂದ 75 ಲಕ್ಷಕ್ಕೆ ಇಳಿಯುವುದಿತ್ತು. ಸೆಪ್ಟೆಂಬರ್ 10ರಂದು ಜಾರ್ಜಿಯಾ ಸದರ್ನ್ ಎಂಬ ಸಣ್ಣ ತಂಡದೆದುರು ತವರಿನಲ್ಲೇ 45-42ರಿಂದ ಸೋತರು. 11ನೇ ತಾರೀಖು ವಜಾ. ಮೂರು ವಾರ ಕಾದಿದ್ದರೆ 75 ಲಕ್ಷ ಡಾಲರ್ ಉಳಿಯುತ್ತಿತ್ತು. ಅಭಿಮಾನಿಗಳ ಅಸಹನೆಗೆ ಬೆಲೆ ಕಟ್ಟಬಹುದಾದರೆ, ಇಷ್ಟು ಸ್ಪಷ್ಟವಾಗಿ ಕಟ್ಟಿದ ಸಂದರ್ಭ ಇನ್ನೊಂದಿಲ್ಲ.

ಇದುವರೆಗಿನ ಅತಿ ದೊಡ್ಡ ಬೈಔಟ್ ಯಾರದು?

ಟೆಕ್ಸಸ್ ಎ ಅಂಡ್ ಎಂ ತೆಗೆದ ಜಿಂಬೊ ಫಿಷರ್ ಅವರದು. 2017ರ ಕೊನೆಯಲ್ಲಿ ಹತ್ತು ವರ್ಷ, 7.5 ಕೋಟಿ ಡಾಲರ್, ಪೂರ್ತಿ ಖಾತರಿಯ ಒಪ್ಪಂದದೊಂದಿಗೆ ಬಂದರು. 2020ರಲ್ಲಿ ತಂಡ 9-1 (ಒಂಬತ್ತು ಗೆಲುವು, ಒಂದು ಸೋಲು) ಮಾಡಿ ದೇಶದಲ್ಲಿ ನಾಲ್ಕನೆಯದಾಯಿತು. ಆ ಖುಷಿಯಲ್ಲಿ 2021ರಲ್ಲಿ ಒಪ್ಪಂದವನ್ನು 2031ರವರೆಗೆ ಹಿಗ್ಗಿಸಿದರು. ಖಾತರಿ ಹಾಗೇ ಉಳಿಯಿತು, ಹೊಸ ಸಂಬಳ ಕಳೆಯುವ ಷರತ್ತು ಹಾಕಲಿಲ್ಲ. 2022ರಲ್ಲಿ 5-7. 2023ರ ನವೆಂಬರ್ 12ರಂದು, ಮಿಸಿಸಿಪ್ಪಿ ಸ್ಟೇಟ್ ಅನ್ನು 51-10ರಿಂದ ಸೋಲಿಸಿದ ಮರುದಿನ, ತೆಗೆದುಹಾಕಿದರು. ಬಾಕಿ 7.6 ಕೋಟಿಗೂ ಹೆಚ್ಚು: 60 ದಿನದೊಳಗೆ ಸುಮಾರು 1.9 ಕೋಟಿ, ಆಮೇಲೆ 2031ರವರೆಗೆ ವರ್ಷಕ್ಕೆ ಸುಮಾರು 72 ಲಕ್ಷ.

ತಪ್ಪು ನಡೆದದ್ದು 2023ರಲ್ಲಲ್ಲ, 2021ರಲ್ಲಿ. ಮೂಲ ಒಪ್ಪಂದದಲ್ಲಿ ಇನ್ನೂ ಆರು ವರ್ಷ ಬಾಕಿ ಇರುವಾಗ ಹಿಗ್ಗಿಸುವ ಅಗತ್ಯವೇ ಇರಲಿಲ್ಲ.

ಗೊತ್ತಿದ್ದೂ ಇಂಥ ಒಪ್ಪಂದಕ್ಕೆ ಯಾಕೆ ಸಹಿ ಹಾಕುತ್ತಾರೆ?

ಸಹಿ ಹಾಕುವ ದಿನ ಕೋಚ್ ಕೈ ಮೇಲಿರುತ್ತದೆ. ಬೇರೆ ಮೂರು ವಿಶ್ವವಿದ್ಯಾಲಯಗಳು ಅವರನ್ನೇ ಕೇಳುತ್ತಿರುತ್ತವೆ, ಏಜೆಂಟ್ ಆ ಮಾತನ್ನು ಸರಿಯಾದ ಕಿವಿಗೆ ಮುಟ್ಟಿಸಿರುತ್ತಾರೆ. ಇನ್ನೊಂದು ವಾದ ಆಟಗಾರರದ್ದು: "ನಾಲ್ಕು ವರ್ಷ ಇದೇ ಕೋಚ್ ಇರುತ್ತಾರಾ?" ಎಂದು ಹುಡುಗನ ಮನೆಯವರು ಕೇಳುತ್ತಾರೆ, ಆದ್ದರಿಂದ ಒಪ್ಪಂದದಲ್ಲಿ ಸದಾ ನಾಲ್ಕು ವರ್ಷ ಬಾಕಿ ಇರಬೇಕು ಎಂಬುದು. ಹುಡುಗರೇ ಪ್ರತಿ ವರ್ಷ ತಂಡ ಬದಲಿಸಬಹುದಾದ ಈ ಕಾಲದಲ್ಲಿ ಆ ವಾದ ಸವೆದುಹೋಗಿದೆ. ಆದರೂ ಅದನ್ನೇ ಹೇಳಿಕೊಂಡು ಒಪ್ಪಂದ ಹಿಗ್ಗಿಸುತ್ತಾರೆ.

ಗಮನಿಸಬೇಕಾದ ವಿಷಯ ಇನ್ನೊಂದಿದೆ. ಸಹಿ ಮಾಡಿದ ಅಥ್ಲೆಟಿಕ್ ಡೈರೆಕ್ಟರ್ (ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ) ಬಿಲ್ ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರುವುದೇ ಅಪರೂಪ. ಫಿಷರ್ ಅವರ ಮೊದಲ ಒಪ್ಪಂದ ಮಾಡಿದ ಸ್ಕಾಟ್ ವುಡ್‌ವರ್ಡ್ 2019ರಲ್ಲಿ ಎಲ್‌ಎಸ್‌ಯುವಿಗೆ ಹೋದರು. ಅಲ್ಲಿ 2021ರಲ್ಲಿ ಬ್ರಯಾನ್ ಕೆಲ್ಲಿಗೆ ಹತ್ತು ವರ್ಷದ, 9.5 ಕೋಟಿ ಮೀರಿದ ಒಪ್ಪಂದ ಮಾಡಿದರು. ಕಾರಣವಿಲ್ಲದೆ ತೆಗೆದರೆ ಉಳಿದದ್ದರ ಶೇ 90 ಕೊಡಬೇಕು. 2025ರ ಅಕ್ಟೋಬರ್ 26ರಂದು ಕೆಲ್ಲಿ ವಜಾ ಆದಾಗ ಬಾಕಿ ಸುಮಾರು 5.4 ಕೋಟಿ. ರಾಜ್ಯಪಾಲ ಜೆಫ್ ಲ್ಯಾಂಡ್ರಿ ಬಹಿರಂಗವಾಗಿಯೇ ಕಿಡಿಕಾರಿದರು, ಅದೇ ವಾರ ವುಡ್‌ವರ್ಡ್ ಕೂಡ ಹೊರನಡೆದರು. ಈ ಸಲ ಒಪ್ಪಂದ ಮಾಡಿದವರಿಗೂ ಅದರ ಬಿಸಿ ತಟ್ಟಿತು. ಇದು ಮೊದಲೇ ರೂಢಿಯಾಗಿದ್ದರೆ ಇಂಥ ಒಪ್ಪಂದಗಳು ಎಷ್ಟೋ ಕಡಿಮೆಯಾಗುತ್ತಿದ್ದವು.

ಒಂದು ಒಳ್ಳೆಯ ಋತುವಿನ ಅಮಲಿನಲ್ಲಿ ಬರೆದುಕೊಡುವ ಚಾಳಿ ಹಳೆಯದು. ನೋಟರ್ ಡೇಮ್ 2005ರಲ್ಲಿ ಚಾರ್ಲಿ ವೈಸ್ ಅವರಿಗೆ ಮೊದಲ ಋತುವಿನ ಮಧ್ಯದಲ್ಲೇ ಹತ್ತು ವರ್ಷದ ಒಪ್ಪಂದ ಕೊಟ್ಟಿತು. 2009ರಲ್ಲಿ ತೆಗೆದ ಮೇಲೆ ವರ್ಷಗಟ್ಟಲೆ ಕಟ್ಟಿದ ಹಣ ಒಟ್ಟು 1.9 ಕೋಟಿಯ ಆಸುಪಾಸು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವ ಮಾತು ಇಂಥದ್ದಕ್ಕೇ ಹುಟ್ಟಿದ್ದು.

ನನ್ನ ಮಗಳು ಅಲ್ಲಿ ಎಂಎಸ್ ಮಾಡುತ್ತಿದ್ದಾಳೆ. ಅವಳ ಫೀಸಿನಿಂದ ಈ ಹಣ ಹೋಗುತ್ತದೆಯೇ?

ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳಲ್ಲಿ ಸಾಮಾನ್ಯವಾಗಿ ಇಲ್ಲ. ಟಿವಿ ಹಕ್ಕು, ಟಿಕೆಟ್ ಮತ್ತು ಬೂಸ್ಟರ್‌ಗಳು, ಅಂದರೆ ದೊಡ್ಡ ದೇಣಿಗೆ ಕೊಡುವ ಅಭಿಮಾನಿಗಳು, ಇವೇ ಮೂಲ. ಎಲ್‌ಎಸ್‌ಯು, ನೆಬ್ರಾಸ್ಕಾ, ಒಹಾಯೊ ಸ್ಟೇಟ್‌ಗಳ ಕ್ರೀಡಾ ವಿಭಾಗ ಬಹುಕಾಲದಿಂದ ತನ್ನ ದುಡಿಮೆಯಲ್ಲೇ ನಡೆದುಕೊಂಡು ಬಂದಿದೆ. ಫಿಷರ್ ಅವರ ಹಣವನ್ನು ಕ್ರೀಡಾ ವಿಭಾಗ ಮತ್ತು ಟ್ವೆಲ್ತ್ ಮ್ಯಾನ್ ಫೌಂಡೇಶನ್ ಎಂಬ ದೇಣಿಗೆ ಸಂಸ್ಥೆ ಭರಿಸುವುದಾಗಿ ಎ ಅಂಡ್ ಎಂ ಹೇಳಿತು.

ಸಣ್ಣ ವಿಶ್ವವಿದ್ಯಾಲಯಗಳ ಕಥೆ ಬೇರೆ. ಅಲ್ಲಿ ಕ್ರೀಡಾ ಬಜೆಟ್ಟಿನ ದೊಡ್ಡ ಪಾಲು ವಿದ್ಯಾರ್ಥಿಗಳ ಶುಲ್ಕದಿಂದಲೇ ಬರುತ್ತದೆ. ಫೀಸಿನ ರಸೀದಿಯಲ್ಲಿ ಟ್ಯೂಷನ್ ಸಾಲಿನ ಕೆಳಗೆ "ಅಥ್ಲೆಟಿಕ್ಸ್ ಫೀ" ಅಥವಾ "ಕಾಂಪ್ರಹೆನ್ಸಿವ್ ಫೀ" ಎಂಬ ಸಾಲು ಇದೆಯೇ ನೋಡಿ. ಎರಡನೆಯದಿದ್ದರೆ ಅದರಲ್ಲಿ ಕ್ರೀಡೆಗೆ ಎಷ್ಟು ಎಂಬ ವಿವರ ವಿಶ್ವವಿದ್ಯಾಲಯದ ಬಜೆಟ್ ಪುಟದಲ್ಲಿ ಹುಡುಕಬೇಕು.

ಅಭಿಮಾನಿಗಳು ಕೂಗಾಡಿದರೆ ನಿಜವಾಗಿ ಕೋಚ್ ಹೋಗುತ್ತಾರೆಯೇ?

ಕೂಗಿಗೆ ಹೋಗುವುದಿಲ್ಲ, ಖಾಲಿ ಕುರ್ಚಿಗೆ ಹೋಗುತ್ತಾರೆ. ದೊಡ್ಡ ತಂಡಗಳಲ್ಲಿ ಒಳ್ಳೆಯ ಸೀಟಿನ ಸೀಸನ್ ಟಿಕೆಟ್ ಕೊಳ್ಳುವ ಹಕ್ಕಿಗೇ ಪ್ರತಿ ವರ್ಷ ದೇಣಿಗೆ ಕೊಡಬೇಕು. ಅದನ್ನು ನವೀಕರಿಸದವರ ಸಂಖ್ಯೆ ಏರಿದರೆ, ಅಥವಾ ಹತ್ತಿಪ್ಪತ್ತು ಲಕ್ಷ ಬರೆಯುವ ಬೂಸ್ಟರ್ "ಹೊಸ ಕೋಚ್ ಬಂದ ಮೇಲೆ ನೋಡೋಣ" ಎಂದರೆ, ಆಗ ಡೈರೆಕ್ಟರ್ ಫೋನ್ ಎತ್ತುತ್ತಾರೆ. 2002ರಲ್ಲಿ ರಾನ್ ಝೂಕ್ ಫ್ಲಾರಿಡಾಕ್ಕೆ ನೇಮಕವಾದ ಬೆನ್ನಿಗೇ, ಒಂದು ಪಂದ್ಯವೂ ಆಡುವ ಮೊದಲೇ, ಅವರನ್ನು ತೆಗೆಯಿರಿ ಎನ್ನುವ ವೆಬ್‌ಸೈಟ್ ಹುಟ್ಟಿತು. ಆದರೂ ಅವರನ್ನು ವಜಾ ಮಾಡಿದ್ದು 2004ರ ಅಕ್ಟೋಬರ್‌ನಲ್ಲಿ. ಅದೂ ಮಿಸಿಸಿಪ್ಪಿ ಸ್ಟೇಟ್‌ಗೆ ಸೋತ ಮೇಲೆ.

ಒಂದು ಅಪವಾದವಿದೆ. 2017ರ ನವೆಂಬರ್ 26ರಂದು ಗ್ರೆಗ್ ಶಿಯಾನೊ ಟೆನೆಸಿಗೆ ಬರುತ್ತಾರೆ ಎಂಬ ಸುದ್ದಿ ಹೊರಬಿದ್ದ ದಿನವೇ ಅಭಿಮಾನಿಗಳು, ದೇಣಿಗೆದಾರರು, ರಾಜ್ಯದ ಶಾಸಕರು ಎದ್ದುನಿಂತರು. ರಾತ್ರಿಯೊಳಗೆ ನೇಮಕ ಮುರಿದುಬಿತ್ತು, ವಾರ ಕಳೆಯುವ ಮೊದಲು ಡೈರೆಕ್ಟರ್ ಜಾನ್ ಕರ‍್ರಿಯೂ ಹೋದರು. ಅಲ್ಲಿಯೂ ಮಾತು ನಡೆದದ್ದು ಹಣ ಮತ್ತು ಅಧಿಕಾರ ಇದ್ದವರು ಸಾಮಾನ್ಯ ಅಭಿಮಾನಿಗಳ ಜೊತೆ ಸೇರಿದ್ದರಿಂದ.

ಕೂಗಿಗೆ ಮಣಿಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಹಾಯೊ ಸ್ಟೇಟ್ ಇದೆ. 2024ರ ನವೆಂಬರ್ 30ರಂದು, ಸುಲಭವಾಗಿ ಗೆಲ್ಲುತ್ತದೆ ಎಂದು ಎಲ್ಲರೂ ನಂಬಿದ್ದ ತಂಡ ತವರಿನಲ್ಲಿ ಮಿಶಿಗನ್‌ಗೆ 13-10ರಿಂದ ಸೋತಿತು. ಬದ್ಧ ಎದುರಾಳಿಗೆ ಸತತ ನಾಲ್ಕನೇ ಸೋಲು. ಕೋಚ್ ರಾಯನ್ ಡೇ ಅವರನ್ನು ಅಂದೇ ತೆಗೆಯಿರಿ ಎಂದು ಕೊಲಂಬಸ್ ನಗರವೇ ಕುದಿಯಿತು. ಡೈರೆಕ್ಟರ್ ರಾಸ್ ಬ್ಯೋರ್ಕ್ ಅಲುಗಾಡಲಿಲ್ಲ. ಟೆಕ್ಸಸ್ ಎ ಅಂಡ್ ಎಂನಲ್ಲಿ ಫಿಷರ್ ಒಪ್ಪಂದ ಹಿಗ್ಗಿಸಿ, ಆಮೇಲೆ ಅವರನ್ನೇ ತೆಗೆಯಬೇಕಾಗಿ ಬಂದವರು ಇದೇ ಬ್ಯೋರ್ಕ್. ಪ್ಲೇಆಫ್‌ನಲ್ಲಿ ಟೆನೆಸಿ 42-17, ಒರೆಗಾನ್ 41-21, ಟೆಕ್ಸಸ್ 28-14. ಜನವರಿ 20ರ ಫೈನಲ್‌ನಲ್ಲಿ ನೋಟರ್ ಡೇಮ್ ವಿರುದ್ಧ 34-23. ತೆಗೆಯಿರಿ ಎಂದು ಜನ ಕೂಗಿದ 51ನೇ ದಿನಕ್ಕೆ ಡೇ ರಾಷ್ಟ್ರೀಯ ಚಾಂಪಿಯನ್ ಕೋಚ್.

ಕೋಚ್ ಬದಲಿಸಿದರೆ ತಂಡ ಸುಧಾರಿಸುತ್ತದೆಯೇ?

1997ರಿಂದ 2010ರವರೆಗಿನ ಬದಲಾವಣೆಗಳನ್ನು ಪರಿಶೀಲಿಸಿ ರಾಜ್ಯಶಾಸ್ತ್ರ ವಿದ್ವಾಂಸರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ ನಿರಾಶೆ ತರುವಂಥದ್ದು. ತೀರಾ ಕೆಟ್ಟದಾಗಿ ಆಡುತ್ತಿದ್ದ ತಂಡಗಳಿಗೆ ಬದಲಾವಣೆಯಿಂದ ಹೆಚ್ಚೇನೂ ಲಾಭವಾಗಲಿಲ್ಲ: ಕೋಚ್ ಇಟ್ಟುಕೊಂಡ ಅಂಥದ್ದೇ ತಂಡಗಳೂ ಅಷ್ಟೇ ಚೇತರಿಸಿಕೊಂಡವು. ಮಧ್ಯಮ ಮಟ್ಟದ ತಂಡಗಳು ಬದಲಾಯಿಸಿ ಇನ್ನಷ್ಟು ಕೆಟ್ಟವು. ಪೋರ್ಟಲ್ ಬರುವ ಮೊದಲಿನ ಲೆಕ್ಕ ಇದು, ಈಗ ಚೇತರಿಕೆ ಬೇಗ ಆಗಬಹುದು. ಆದರೆ "ಸಾಧಾರಣ ಚೆನ್ನಾಗಿದೆ, ಅಷ್ಟು ಸಾಲದು" ಎಂದು ತೆಗೆಯುವವರು ಇದನ್ನು ಓದಲೇಬೇಕು.

ಓದದಿದ್ದರೆ ನೆಬ್ರಾಸ್ಕಾವನ್ನಾದರೂ ನೋಡಬೇಕು. ಟಾಮ್ ಆಸ್ಬೋರ್ನ್ 25 ವರ್ಷ ಕಟ್ಟಿದ ತಂಡವನ್ನು 1998ರಲ್ಲಿ ಫ್ರಾಂಕ್ ಸೋಲಿಚ್ ವಹಿಸಿಕೊಂಡರು. ಆರು ವರ್ಷದಲ್ಲಿ 58-19. 2003ರಲ್ಲಿ 9-3 ಮಾಡಿದ ಮೇಲೆ, ಇದು ನಮ್ಮ ಮಟ್ಟವಲ್ಲ ಎಂದು ತೆಗೆದರು. ಮರುವರ್ಷ 5-6: 1961ರ ನಂತರ ಗೆಲುವಿಗಿಂತ ಸೋಲು ಹೆಚ್ಚಾದ ಮೊದಲ ಋತು. 2008ರಿಂದ ಬೋ ಪೆಲಿನಿ ಪ್ರತಿ ವರ್ಷ ಕನಿಷ್ಠ 9 ಪಂದ್ಯ ಗೆದ್ದರು. 2014ರಲ್ಲಿ 9-3 ಆದಾಗ ಅವರನ್ನೂ ತೆಗೆದರು. ಆಮೇಲೆ ಮೈಕ್ ರೈಲಿ 19-19, ಸ್ಕಾಟ್ ಫ್ರಾಸ್ಟ್ 16-31. 2017ರಿಂದ 2023ರವರೆಗೆ ಬೌಲ್ ಪಂದ್ಯದ ಮುಖವನ್ನೇ ತಂಡ ನೋಡಲಿಲ್ಲ. ಕಾನ್ಫರೆನ್ಸ್ ಪ್ರಶಸ್ತಿ ಕೊನೆಯ ಸಲ ಬಂದದ್ದು 1999ರಲ್ಲಿ, ಸೋಲಿಚ್ ಕೈಯಲ್ಲಿ. ಅವರು ಒಹಾಯೊ ವಿಶ್ವವಿದ್ಯಾಲಯಕ್ಕೆ ಹೋಗಿ 16 ಋತು ಆಡಿಸಿ, ಆ ಕಾನ್ಫರೆನ್ಸಿನಲ್ಲಿ ಅತಿ ಹೆಚ್ಚು ಗೆದ್ದ ಕೋಚ್ ಆದರು. 9-3 ಎಂಬ ಫಲಿತಾಂಶವನ್ನು ನೆಬ್ರಾಸ್ಕಾದವರು ಎರಡು ಸಲ ಕೈಯಾರೆ ದೂಡಿದರು, ಈಗ ಅದಕ್ಕಾಗಿಯೇ ಹಂಬಲಿಸುತ್ತಾರೆ.

ಕಾದದ್ದಕ್ಕೆ ಫಲ ಸಿಕ್ಕ ಉದಾಹರಣೆ ಇದೆಯೇ?

ಬೇಕಾದಷ್ಟು. ಫ್ರಾಂಕ್ ಬೀಮರ್ ವರ್ಜೀನಿಯಾ ಟೆಕ್‌ನಲ್ಲಿ 1987ರಲ್ಲಿ 2-9ರಿಂದ ಶುರು ಮಾಡಿ, ಆರನೇ ವರ್ಷದಲ್ಲೂ ಎರಡೇ ಗೆಲುವು ಕಂಡರು. ಉಳಿಸಿಕೊಂಡರು. 1993ರಿಂದ 2015ರವರೆಗೆ ಸತತ 23 ವರ್ಷ ಬೌಲ್ ಪಂದ್ಯ, 1999ರ ಋತುವಿನಲ್ಲಿ ರಾಷ್ಟ್ರೀಯ ಫೈನಲ್. ಅಯೋವಾದ ಕರ್ಕ್ ಫೆರೆಂಟ್ಜ್ 1999ರ ಮೊದಲ ಋತುವಿನಲ್ಲಿ ಗೆದ್ದದ್ದು ಒಂದೇ ಪಂದ್ಯ.

ಈಚಿನದರಲ್ಲಿ ಅನುಸರಿಸಬೇಕಾದ ಮಾದರಿ ಮಿಶಿಗನ್‌ದು. 2020ರಲ್ಲಿ ಜಿಮ್ ಹಾರ್ಬೊ 2-4 ಮಾಡಿದಾಗ ತೆಗೆಯಲೂ ಇಲ್ಲ, ಕಣ್ಣು ಮುಚ್ಚಿ ಬೆಂಬಲಿಸಲೂ ಇಲ್ಲ. ಸುಮಾರು 80 ಲಕ್ಷದ ಸಂಬಳವನ್ನು ಅರ್ಧಕ್ಕೆ ಇಳಿಸಿ, ಗೆದ್ದರೆ ದೊಡ್ಡ ಬೋನಸ್ ಇಟ್ಟು, ಬೈಔಟ್ ತಗ್ಗಿಸಿ ಹೊಸ ಒಪ್ಪಂದ ಮಾಡಿದರು. ಅವರು ಸಹಾಯಕರ ತಂಡವನ್ನು ಬದಲಿಸಿದರು. 2021, 2022, 2023 ಮೂರೂ ವರ್ಷ ಬಿಗ್ ಟೆನ್ ಪ್ರಶಸ್ತಿ, ಕೊನೆಯ ವರ್ಷ ರಾಷ್ಟ್ರೀಯ ಪ್ರಶಸ್ತಿ.

ಹಣ ಕೊಡದೆಯೇ ತೆಗೆಯಬಹುದೇ?

"ತಕ್ಕ ಕಾರಣ" ಸಾಬೀತಾದರೆ ಮಾತ್ರ: ನಿಯಮ ಉಲ್ಲಂಘನೆ, ದುರ್ನಡತೆ, ಅಪರಾಧ ಇತ್ಯಾದಿ. ಟೆನೆಸಿ 2021ರಲ್ಲಿ ಜೆರಮಿ ಪ್ರೂಯಿಟ್ ಅವರನ್ನು ಆಟಗಾರರ ನೇಮಕದ ಅಕ್ರಮಗಳಿಗಾಗಿ ಹೀಗೆ ತೆಗೆಯಿತು; ನಂತರ ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ ವಿಶ್ವವಿದ್ಯಾಲಯಕ್ಕೂ 80 ಲಕ್ಷ ಡಾಲರ್ ಮೀರಿದ ದಂಡ ಹಾಕಿತು. ಮಿಶಿಗನ್ ಸ್ಟೇಟ್ 2023ರಲ್ಲಿ ಮೆಲ್ ಟಕರ್ ಅವರನ್ನು ದುರ್ನಡತೆಯ ಕಾರಣ ನೀಡಿ ತೆಗೆದಾಗ ಒಪ್ಪಂದದಲ್ಲಿ ಸುಮಾರು 8 ಕೋಟಿ ಬಾಕಿ ಇತ್ತು. ಅವರು ಆರೋಪ ನಿರಾಕರಿಸಿ ಕೋರ್ಟ್ ಮೆಟ್ಟಿಲೇರಿದರು.

ಸೋತ ಕೋಚ್ ಮೇಲೆ ಹಣ ಉಳಿಸಲೆಂದೇ ಕಾರಣ ಹುಡುಕಲು ಹೋಗುವುದು ಅಪಾಯ. ಕೆಲ್ಲಿ ವಿಷಯದಲ್ಲಿ ಎಲ್‌ಎಸ್‌ಯು ಎಳೆದಾಡಿದ್ದಕ್ಕೆ ಅವರು ಮೊಕದ್ದಮೆ ಹೂಡಿದರು. ನವೆಂಬರ್ ಕೊನೆಗೆ, ಕಾರಣವಿಲ್ಲದೆಯೇ ತೆಗೆದದ್ದು, ಪೂರ್ತಿ ಬಾಕಿ ಕೊಡುತ್ತೇವೆ ಎಂದು ವಿಶ್ವವಿದ್ಯಾಲಯ ಒಪ್ಪಿತು.

ಕೋಚ್ ತಾನೇ ಬಿಟ್ಟು ಹೋದರೆ?

ಆಗ ಹಣ ಕಟ್ಟಬೇಕಾದದ್ದು ಕೋಚ್, ಆದರೆ ಮೊತ್ತ ತೀರ ಕಡಿಮೆ. ಸಾಮಾನ್ಯವಾಗಿ ಹೊಸ ವಿಶ್ವವಿದ್ಯಾಲಯವೇ ಕಟ್ಟಿಬಿಡುತ್ತದೆ. ರಿಚ್ ರೋಡ್ರಿಗಸ್ 2007ರಲ್ಲಿ ವೆಸ್ಟ್ ವರ್ಜೀನಿಯಾ ಬಿಟ್ಟು ಮಿಶಿಗನ್‌ಗೆ ಹೋದಾಗ 40 ಲಕ್ಷದ ವ್ಯಾಜ್ಯ ಕೋರ್ಟಿಗೆ ಹೋಗಿ, ಕೊನೆಗೆ ಮಿಶಿಗನ್ 25 ಲಕ್ಷ, ಅವರು 15 ಲಕ್ಷ ಕಟ್ಟಿದರು.

ಮುಖ್ಯ ಕೋಚ್ ಹೋದರೆ ಸಹಾಯಕರ, ಆಟಗಾರರ ಗತಿ ಏನು?

ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಪೆಟ್ಟು ತಿನ್ನುವವರು ಇವರೇ, ಇವರ ಬಗ್ಗೆ ಕೇಳುವವರೇ ಕಡಿಮೆ. ಸಹಾಯಕ ಕೋಚ್‌ಗಳ ಒಪ್ಪಂದ ಸಾಮಾನ್ಯವಾಗಿ ಒಂದು ಅಥವಾ ಎರಡು ವರ್ಷದ್ದು. ವಿಡಿಯೋ ನೋಡಿ ವಿಶ್ಲೇಷಿಸುವವರು, ವ್ಯಾಯಾಮ ತರಬೇತಿಯವರು, ಕಚೇರಿ ಸಿಬ್ಬಂದಿಗೆ ಅದೂ ಇರುವುದಿಲ್ಲ. ಹೊಸ ಕೋಚ್ ತಮ್ಮವರನ್ನು ತರುತ್ತಾರೆ, ಹಳಬರು ಡಿಸೆಂಬರ್‌ನಲ್ಲಿ, ಮಕ್ಕಳ ಶಾಲೆಯ ಮಧ್ಯದಲ್ಲಿ, ಮನೆ ಖಾಲಿ ಮಾಡುತ್ತಾರೆ.

ಆಟಗಾರರಿಗೆ ಪೋರ್ಟಲ್‌ನ ಮುಖ್ಯ ಅವಧಿ 2026ರಲ್ಲಿ ಜನವರಿ 2ರಿಂದ 16. ಕೋಚ್ ಬದಲಾದ ತಂಡದವರಿಗೆ ಪ್ರತ್ಯೇಕವಾಗಿ, ಹೊಸ ಕೋಚ್ ನೇಮಕವಾದ ಐದು ದಿನದ ನಂತರ 15 ದಿನ ಸಿಗುತ್ತದೆ. ಆ ಹದಿನೈದು ದಿನದಲ್ಲಿ ಹತ್ತೊಂಬತ್ತು ವರ್ಷದ ಹುಡುಗ ಉಳಿಯುವುದೋ ಹೋಗುವುದೋ, ಹೋದರೆ ಕೋರ್ಸಿನ ಕ್ರೆಡಿಟ್ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂಬುದನ್ನೆಲ್ಲ ತೀರ್ಮಾನಿಸಬೇಕು. ಎಷ್ಟೋ ಸಲ ಕ್ರೆಡಿಟ್ ಕಳೆದುಕೊಂಡು ಪದವಿ ಹಿಂದೆ ಬೀಳುತ್ತದೆ.

ಒಬ್ಬ ಕೋಚ್‌ನ ಕುರ್ಚಿ ಅಲುಗಾಡುತ್ತಿದೆ ಎಂದು ತಿಳಿಯುವುದು ಹೇಗೆ?

ಗೆಲುವು ಸೋಲಿನ ಪಟ್ಟಿಯನ್ನು ಕೊನೆಗೆ ನೋಡಿ. ಮೊದಲು ಈ ಋತುವಿನ ಕೊನೆಗೆ ಬೈಔಟ್ ಎಷ್ಟಿರುತ್ತದೆ, ಮುಂದಿನ ವರ್ಷಕ್ಕೆ ಎಷ್ಟು ಇಳಿಯುತ್ತದೆ ನೋಡಿ. ಆಮೇಲೆ ಅವರನ್ನು ನೇಮಿಸಿದ ಡೈರೆಕ್ಟರ್ ಇನ್ನೂ ಇದ್ದಾರೆಯೇ ಎಂಬುದು. ಹೊಸ ಡೈರೆಕ್ಟರ್ ಹಳೆಯವರ ಆಯ್ಕೆಯನ್ನು ಬಹಳ ದಿನ ಹೊರುವುದಿಲ್ಲ. ಮುಖ್ಯ ಕೋಚ್ ತಮ್ಮ ಅಫೆನ್ಸ್ ಅಥವಾ ಡಿಫೆನ್ಸ್ ಕೋಆರ್ಡಿನೇಟರ್‌ನನ್ನು (ದಾಳಿ ಅಥವಾ ರಕ್ಷಣೆಯ ಹೊಣೆ ಹೊತ್ತ ಸಹಾಯಕ ಕೋಚ್) ಬಲಿ ಕೊಟ್ಟರೆ ಅವರಿಗೆ ಉಳಿದಿರುವುದು ಹೆಚ್ಚೆಂದರೆ ಒಂದು ಋತು. ಬರುತ್ತೇವೆ ಎಂದು ಮಾತು ಕೊಟ್ಟಿದ್ದ ಪ್ರೌಢಶಾಲಾ ಹುಡುಗರು ಅಕ್ಟೋಬರ್‌ನಲ್ಲಿ ಒಬ್ಬೊಬ್ಬರಾಗಿ ಹಿಂದೆ ಸರಿದರೆ ಒಳಗಿನ ಸುದ್ದಿ ಅವರಿಗೆ ಮುಟ್ಟಿದೆ ಎಂದೇ ತಿಳಿಯಿರಿ. "ಕೋಚ್ ಮೇಲೆ ನಮಗೆ ಪೂರ್ಣ ವಿಶ್ವಾಸವಿದೆ" ಎಂಬ ಹೇಳಿಕೆಗೆ ಬೆಲೆ ಕೊಡಬೇಡಿ. ಕುರ್ಚಿ ಭದ್ರವಾಗಿದ್ದರೆ ಅದನ್ನು ಹೇಳುವ ಪ್ರಸಂಗವೇ ಬರುವುದಿಲ್ಲ.

ಹಿಂದೆ ಗೆದ್ದ ಪ್ರಶಸ್ತಿಯನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ಆಬರ್ನ್‌ಗೆ 2010ರ ರಾಷ್ಟ್ರೀಯ ಪ್ರಶಸ್ತಿ ತಂದ ಜೀನ್ ಚಿಜಿಕ್ 2012ರಲ್ಲಿ 3-9 ಮಾಡಿ ಹೋದರು. ಎಲ್‌ಎಸ್‌ಯುವಿಗೆ 2019ರಲ್ಲಿ 15-0 ತಂದ ಎಡ್ ಓರ್ಜರಾನ್‌ಗೆ ಎರಡೇ ವರ್ಷದಲ್ಲಿ ಬೀಳ್ಕೊಡುಗೆಯಾಯಿತು.

ಮಧ್ಯಂತರ ಕೋಚ್‌ಗೆ ಕಾಯಂ ಕೆಲಸ ಸಿಗುವುದುಂಟೇ?

ಕಡಿಮೆ, ಆದರೆ ಉಂಟು. ಕ್ಲೆಮ್ಸನ್‌ನ ಡಾಬೊ ಸ್ವಿನ್ನಿ 2008ರ ಅಕ್ಟೋಬರ್‌ನಲ್ಲಿ ಹಾಗೆಯೇ ಬಂದವರು. 2010ರಲ್ಲಿ 6-7 ಆದಾಗಲೂ ಉಳಿಸಿಕೊಂಡರು. 2016, 2018ರ ಋತುಗಳಲ್ಲಿ ರಾಷ್ಟ್ರೀಯ ಪ್ರಶಸ್ತಿ.

ಕೋಚ್ ಒಪ್ಪಂದವನ್ನು ನಾನೇ ಓದಬಹುದೇ?

ಸರ್ಕಾರಿ ವಿಶ್ವವಿದ್ಯಾಲಯವಾದರೆ ಬಹುತೇಕ ರಾಜ್ಯಗಳಲ್ಲಿ ಓದಬಹುದು. ನಮ್ಮ ಮಾಹಿತಿ ಹಕ್ಕಿನಂಥ ಕಾನೂನು ಅಲ್ಲಿಯೂ ಪ್ರತಿ ರಾಜ್ಯಕ್ಕೊಂದಿದೆ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ "ಓಪನ್ ರೆಕಾರ್ಡ್ಸ್" ಅಥವಾ "ಪಬ್ಲಿಕ್ ರೆಕಾರ್ಡ್ಸ್" ವಿಭಾಗ ಹುಡುಕಿ, ಇಮೇಲ್‌ನಲ್ಲೇ ಅರ್ಜಿ ಹಾಕಬಹುದು. ಬರೀ ಒಪ್ಪಂದ ಎಂದು ಕೇಳಿದರೆ ಹಳೆಯದನ್ನು ಕಳಿಸಿ ಸುಮ್ಮನಾಗಬಹುದು. ಮೂಲ ಒಪ್ಪಂದ, ಅದಕ್ಕೆ ಆದ ಎಲ್ಲ ತಿದ್ದುಪಡಿ, ಸಹಿಯಾದ ಟರ್ಮ್ ಶೀಟ್ (ಮುಖ್ಯ ಷರತ್ತುಗಳ ಸಂಕ್ಷಿಪ್ತ ಪಟ್ಟಿ) ಮೂರನ್ನೂ ಹೆಸರಿಸಿ. ಕೆಲವು ರಾಜ್ಯಗಳಲ್ಲಿ ಅಲ್ಲಿನ ನಿವಾಸಿಗಳಿಗೆ ಮಾತ್ರ ಈ ಹಕ್ಕು, ಹಾಗಿದ್ದರೆ ಅಲ್ಲೇ ಇರುವ ಮಗನೋ ಮಗಳೋ ಅರ್ಜಿ ಹಾಕಲಿ. ಕೈಗೆ ಬಂದ ಮೇಲೆ ಸಂಬಳದ ಪುಟ ಬಿಟ್ಟು ನೇರವಾಗಿ "ಟರ್ಮಿನೇಶನ್ ವಿದೌಟ್ ಕಾಸ್" ಎಂಬ ಭಾಗ ತೆರೆಯಿರಿ. ಶೇಕಡಾವಾರು, ದಿನಾಂಕ, ಕಳೆಯುವ ಷರತ್ತು ಮೂರೂ ಅಲ್ಲೇ ಇರುತ್ತವೆ. ನೋಟರ್ ಡೇಮ್, ಯುಎಸ್‌ಸಿಯಂಥ ಖಾಸಗಿ ವಿಶ್ವವಿದ್ಯಾಲಯಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ.